ನೆಲದ ಮೇಲಿನ ಟ್ಯಾಂಕಿ

ಉಪ್ಪಳದ ಕಡೆ ಸಮುದ್ರಕ್ಕೆ ಹತ್ತಿರ ಮನೆಯಿದ್ದವರಿಗೆ ಏಪ್ರಿಲ್ ತಿಂಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾವಿಯಲ್ಲಿ ನೀರಿರುತ್ತದೆ, ಆದರೆ ಚಹಾ ಮಾಡಿದರೆ ಉಪ್ಪು ಗೊತ್ತಾಗುತ್ತದೆ. ಹಾಗಾಗಿ ಹೊಸ ಮನೆ ಕಟ್ಟುವಾಗ ಮಳೆನೀರಿಗೆ ಒಂದು ದೊಡ್ಡ ಟ್ಯಾಂಕಿ ಬೇಕೇಬೇಕು ಎಂದು ಉಮ್ಮ ಹಟ ಹಿಡಿದಿದ್ದರು. ನಾನು ಆಗ ದುಬೈಯಲ್ಲಿದ್ದೆ. ಅಡುಗೆಮನೆಯ ಪಕ್ಕ ಕಲ್ಲಿನ ಕಟ್ಟೆ ಮಾಡಿ ಅದರ ಮೇಲೆ ಟ್ಯಾಂಕಿ ಕಟ್ಟೋಣ ಎಂದು ಮೇಸ್ತ್ರಿ ಹೇಳಿದರು. ನಾನು ಫೋನಿನಲ್ಲೇ ಬೇಡ ಅಂದೆ. ಇಷ್ಟು ಖರ್ಚು ಮಾಡಿ ಮನೆ ಕಟ್ಟಿ ಅಂಗಳದಲ್ಲಿ ಸಿಮೆಂಟಿನ ಡ್ರಮ್ ನಿಲ್ಲಿಸುವುದೇ? ನೆಲದಡಿ ಮಾಡಿ, ಮೇಲೆ ಇಂಟರ್‌ಲಾಕ್ ಹಾಸಿ, ಕಾರು ನಿಲ್ಲಿಸಲಿಕ್ಕೂ ಆಗುತ್ತದೆ ಅಂದೆ.

ಹಾಗೇ ಆಯಿತು. 10,000 ಲೀಟರಿನ ಟ್ಯಾಂಕಿ. ನಮ್ಮ ಮಳೆಗೆ ಅದೇನೂ ದೊಡ್ಡದಲ್ಲ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ತಾರಸಿ ಇದ್ದರೆ 100 ಮಿಲಿಮೀಟರ್ ಮಳೆಗೆ ಟ್ಯಾಂಕಿ ತುಂಬುತ್ತದೆ. ಜೂನಿನಲ್ಲಿ ನಮ್ಮಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬೀಳುವುದೂ ಉಂಟು. ಎರಡು ವರ್ಷ ಎಲ್ಲ ಚೆನ್ನಾಗಿತ್ತು. ನೀರು ತಂಪು, ಅಂಗಳ ಚೊಕ್ಕ. ಬಂದವರೆಲ್ಲ ಹೊಗಳಿದರು.

ಮೂರನೇ ವರ್ಷದ ಜುಲೈಯಲ್ಲಿ ಉಮ್ಮನಿಗೆ ಕಾಮಾಲೆ ಬಂತು. ಹದಿನೈದು ದಿನ ಕಳೆಯುವುದರೊಳಗೆ ತಮ್ಮನ ಮಗಳಿಗೂ ಬಂತು. ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ, "ಯಾವ ನೀರು ಕುಡಿಯುತ್ತೀರಿ?" ಮನೆಯವರೆಲ್ಲ ಬಾವಿಯನ್ನು ಸಂಶಯಪಟ್ಟರು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರು, ನೀರಿನ ಪರೀಕ್ಷೆ ಮಾಡಿಸಿದರು. ಟ್ಯಾಂಕಿಯ ನೆನಪು ಯಾರಿಗೂ ಆಗಲಿಲ್ಲ. ಅದು ಕಾಣುತ್ತಿರಲಿಲ್ಲವಲ್ಲ!

ನಾನು ರಜೆ ಹಾಕಿ ಬಂದೆ. ಟ್ಯಾಂಕಿ ಖಾಲಿ ಮಾಡಿಸಿ ಟಾರ್ಚ್ ಬಿಟ್ಟು ನೋಡಿದಾಗ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರಿಂದ ಹೊರಗಿನ ಕೆಂಪು ನೀರು ಒಳಗೆ ಜಿನುಗುತ್ತಿತ್ತು. ನಮ್ಮ ಶೌಚಗುಂಡಿಗೆ ಅಲ್ಲಿಂದ ಟೇಪು ಹಿಡಿದೆ. ಐದು ಮೀಟರ್. ಬಾವಿಗೂ ಗುಂಡಿಗೂ 7.5 ಮೀಟರ್ ಅಂತರ ಬೇಕು ಎಂಬ ಕೇರಳದ ನಿಯಮವನ್ನು ಪಾಲಿಸಿದ್ದೆವು. ಟ್ಯಾಂಕಿಗೂ ಗುಂಡಿಗೂ ಎಷ್ಟು ದೂರ ಎಂದು ಯಾರೂ ಅಳೆದಿರಲಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ತೂತುಗಳೇ ಹೆಚ್ಚು, ಮಳೆಗಾಲದಲ್ಲಿ ಒಳಗಿನ ನೀರು ಮೇಲಕ್ಕೇರುತ್ತದೆ. ಟ್ಯಾಂಕಿಯ ನೀರು ಇಳಿದ ದಿನ ಹೊರಗಿನದು ಒಳಗೆ ನುಗ್ಗುತ್ತದೆ. ಕಾಯಿಲೆ ಅದರಿಂದಲೇ ಬಂತೆಂದು ಆಣೆ ಹಾಕಲಾರೆ. ಆದರೆ ಆ ಒದ್ದೆ ಗೆರೆ ನೋಡಿದ ಮೇಲೆ ಉಮ್ಮನ ಮುಖ ನೋಡಲು ನನಗೆ ಕಷ್ಟವಾಯಿತು.

ಮದ್ರಸದಲ್ಲಿ ನಾವೆಲ್ಲ ಕಲಿತದ್ದೇ. ಎರಡು ಕುಲ್ಲತ್, ಅಂದರೆ ಸುಮಾರು ಇನ್ನೂರು ಲೀಟರ್ ನೀರಿದ್ದರೆ, ಬಣ್ಣ, ರುಚಿ, ವಾಸನೆ ಬದಲಾಗದೆ ಅದು ನಜಸ್ ಆಗುವುದಿಲ್ಲ. ಮಸೀದಿಯ ಹೌಳ್ ನಡೆಯುವುದು ಆ ಲೆಕ್ಕದಲ್ಲೇ. ನಮ್ಮ ಟ್ಯಾಂಕಿಯ ನೀರಿಗೂ ಬಣ್ಣ, ವಾಸನೆ ಬಂದಿರಲಿಲ್ಲ. ಉಮ್ಮ ಅದರಲ್ಲೇ ವುಳೂ ಮಾಡಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವುಳೂವಿಗೆ ಸಲ್ಲುವ ನೀರೆಲ್ಲ ಕುಡಿಯಲು ಸಲ್ಲುತ್ತದೆ ಎಂದು ನಾವು ನಮಗೆ ನಾವೇ ಅಂದುಕೊಂಡಿದ್ದೆವು. ಕಾಮಾಲೆಯ ರೋಗಾಣು ಕಣ್ಣು, ಮೂಗು, ನಾಲಿಗೆಗೆ ಸಿಗುವುದಿಲ್ಲ.

ಕೊನೆಗೆ ಮೇಸ್ತ್ರಿ ಮೊದಲು ಹೇಳಿದ ಜಾಗದಲ್ಲೇ, ಎರಡಡಿ ಎತ್ತರದ ಕಟ್ಟೆಯ ಮೇಲೆ, ದುಂಡಗಿನ ಫೆರೋಸಿಮೆಂಟ್ ಟ್ಯಾಂಕಿ ಕಟ್ಟಿಸಿದೆವು. ಕಬ್ಬಿಣದ ಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡುವಂಥದ್ದು. ಅದರ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಅಂಗಳದ ಒಂದು ಮೂಲೆ ಹೋಯಿತು. ಮಾರ್ಚಿನ ಮಧ್ಯಾಹ್ನ ನೀರು ಬೆಚ್ಚಗಿರುತ್ತದೆ, ಬಿಳಿ ಬಣ್ಣ ಬಳಿದರೂ ಅಷ್ಟಕ್ಕಷ್ಟೆ. ಬೆಳಕು ಒಳಗೆ ಬಿದ್ದರೆ ಪಾಚಿ ಕಟ್ಟುತ್ತದೆ, ಕೊಳವೆಗೆ ಬಲೆ ಕಟ್ಟದಿದ್ದರೆ ಸೊಳ್ಳೆ. 10,000 ಲೀಟರ್ ಅಂದರೆ ಹತ್ತು ಟನ್ ಭಾರ, ಅಡಿಪಾಯ ಗಟ್ಟಿ ಇರಬೇಕು. ಇದನ್ನೇ ಹಳೇ ತಾರಸಿಯ ಮೇಲೆ ಇಡುತ್ತೇನೆ ಅನ್ನುವವರು ಖಂಡಿತ ಬೇಡ. ಲಾಭ ಮಾತ್ರ ಒಂದು ದೊಡ್ಡದಿದೆ. ಒಡೆದರೆ ನೀರು ಹೊರಗೆ ಬರುತ್ತದೆ, ಕೊಳೆ ಒಳಗೆ ಹೋಗುವುದಿಲ್ಲ. ಗೋಡೆ ಒದ್ದೆಯಾದರೆ ಮನೆಯ ಮಗುವಿಗೂ ಕಾಣುತ್ತದೆ. ಕರೆಂಟು ಹೋದರೂ ಅಡಿಯ ನಲ್ಲಿಯಲ್ಲಿ ನೀರು ಬರುತ್ತದೆ. ಕುಡಿಯುವ ನೀರನ್ನು ಈಗಲೂ ಕುದಿಸಿಯೇ ಕುಡಿಯುತ್ತೇವೆ.

ನೆಲದಡಿ ಟ್ಯಾಂಕಿ ಇರುವವರು ಅದನ್ನು ಒಡೆಯಬೇಕೆಂದು ನಾನು ಹೇಳುವುದಿಲ್ಲ. ಮಳೆ ಜೋರಾಗಿರುವಾಗ ಅರ್ಧ ಖಾಲಿ ಮಾಡಿ, ಬರುವ, ಹೋಗುವ ಕೊಳವೆಗಳನ್ನೆಲ್ಲ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಏರಿದ್ದರೆ ಹೊರಗಿನದು ಒಳಗೆ ಬರುತ್ತಿದೆ ಎಂದರ್ಥ. ತೊಳೆಯಲು ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಮುಚ್ಚಿದ ಟ್ಯಾಂಕಿಯಲ್ಲಿ ಗಾಳಿಯಿಲ್ಲದೆ ಜೀವ ಹೋಗುವುದುಂಟು.

ಉಮ್ಮ ಈಗ ಸುಬಹಿ ಮುಗಿಸಿ ಅಂಗಳಕ್ಕಿಳಿದರೆ ಮೊದಲು ಟ್ಯಾಂಕಿಗೆ ಒಂದು ಸುತ್ತು ಬರುತ್ತಾರೆ, ಗೋಡೆಗೆ ಕೈಯಿಟ್ಟು ನೋಡುತ್ತಾರೆ. ಕಳೆದ ರಜೆಯಲ್ಲಿ ನಾನು, "ಅಂಗಳದ ಚಂದ ಹೋಯಿತಲ್ಲ ಉಮ್ಮಾ" ಅಂದೆ.

"ಚಂದ ನೋಡಲಿಕ್ಕೆ ನೀನು ವರ್ಷಕ್ಕೆ ಒಂದು ತಿಂಗಳು ಬರುವುದು ಮೋನೆ," ಅಂದರು. "ನೀರು ಕುಡಿಯುವುದು ನಾವು."