ಜನ ಅವ್ರೆ

(ಬಸ್ ಡೈರಿ, ಭಾಗ 7. ಈ ಸಲದ್ದು ಉದ್ದ ಇದೆ, ಒಂದು ಕ್ಯಾಪ್ಷನ್‌ಗೆ ಹಿಡಿಸಲ್ಲ. ಮುಂದಿನ ಮೂರು ಪೋಸ್ಟಲ್ಲಿ ಉಳಿದದ್ದಿದೆ, ಪುರುಸೊತ್ತಲ್ಲಿ ಓದಿ.)

ಫೋಟೋದಲ್ಲಿ ಕಾಣ್ತಿರೋದು ನನ್ನ ಹಳದಿ ವೇಲ್. ಬಿದ್ದಿರೋದು ಮೈಸೂರಿಗೆ ಹೋಗೋ ಕೆಂಪು ಬಸ್ಸಿನ ಸೀಟ್ ಮೇಲೆ. ಜಾಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡು, ಟೈಮು ಬೆಳಿಗ್ಗೆ ಏಳೂ ಚಿಲ್ರೆ. ಫೋಟೋ ತೆಗೆದಿದ್ದು ಹೊರಗಡೆಯಿಂದ, ಕಿಟಕಿ ಕಂಬಿ ಅಡ್ಡ ಬಂದಿದೆ ನೋಡಿ. ಅಂದ್ರೆ ಸೀಟು ಆಗ್ಲೇ ನನ್ನದು, ನಾನು ಮಾತ್ರ ಇನ್ನೂ ಕೆಳಗಿದೀನಿ.

ಮೈಸೂರಲ್ಲೇ ಹುಟ್ಟಿ ಬೆಳೆದಿರೋ ನಮ್ಮ ಕ್ಲಾಸಿನವರು ಇದನ್ನ ನೋಡಿ ನಗ್ತೀರಾ ಅಂತ ಗೊತ್ತು. ನೀವು ಒಂದು ಬಸ್ ತಪ್ಪಿದ್ರೆ ಇನ್ನೊಂದು ಹತ್ತೋರು. ನಾನು ಭೀಮನಬೀಡಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಬೇಗೂರು, ನಂಜನಗೂಡು ದಾಟಿ ಮೈಸೂರಿಗೆ ಇನ್ನೊಂದು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಕೂತ್ರೆ ಒಂದು ನಿದ್ದೆ ಅಥವಾ ಒಂದು ಇಂಟರ್ನಲ್ಸ್‌ಗೆ ಓದು. ನಿಂತ್ರೆ ಕಾಲೇಜಿಗೆ ಹೋಗೋ ಹೊತ್ತಿಗೆ ಅರ್ಧ ಜೀವ. ಬೆಳಗ್ಗೆ ಆರಕ್ಕೆ ಬಂಡೀಪುರದ ಗೇಟ್ ತೆಗೀತಾರಲ್ಲ (ರಾತ್ರಿ 9ರಿಂದ 6ರ ತನಕ ಕಾಡಲ್ಲಿ ಗಾಡಿ ಬಿಡಲ್ಲ), ಆಮೇಲೆ ಆ ಕಡೆಯಿಂದ ಬರೋ ಬಸ್ಸುಗಳು ನಮ್ಮಲ್ಲಿಗೆ ಬರುವಾಗ್ಲೇ ತುಂಬಿರ್ತವೆ. ನಮ್ಮ ನಂಬಿಕೆಯೆಲ್ಲ ಗುಂಡ್ಲುಪೇಟೆಯಿಂದಾನೇ ಖಾಲಿ ಹೊರಡೋ ಬಸ್ಸಿನ ಮೇಲೆ. ಅದು ಪ್ಲಾಟ್‌ಫಾರ್ಮ್‌ಗೆ ತಿರುಗೋವಾಗ್ಲೇ ಪಕ್ಕದಲ್ಲಿ ಓಡ್ತಾ ಕಿಟಕಿಯಿಂದ ಏನಾದ್ರೂ ಎಸೀಬೇಕು. ಕರ್ಚೀಫು, ಟವೆಲ್ಲು, ಊಟದ ಬ್ಯಾಗು, ನೀರಿನ ಬಾಟ್ಲಿ. ಒಂದು ಸಲ ಒಬ್ರು ಅಣ್ಣ ತಮ್ಮ ಮಗನ್ನೇ ಕಿಟಕಿಯಿಂದ ಒಳಗೆ ಇಳಿಸಿದ್ದನ್ನ ನೋಡಿದೀನಿ. ಮಗು ಎರಡು ಸೀಟ್ ಮೇಲೆ ಅಡ್ಡಡ್ಡ ಮಲಗಿ ರಾಜನ ಥರ ಕಾಯ್ತಿತ್ತು.

ಇದನ್ನ ಬರೀಬೇಕು ಅನ್ಸಿದ್ದು ಒಂದು ರೀಲ್ ನೋಡಿ. ದೊಡ್ಡ ಹಡಗು, ಸಮುದ್ರದ ಮಧ್ಯ ಈಜುಕೊಳ, ಸುತ್ತ ಮಲಗೋ ಕುರ್ಚಿಗಳು. ಜನ ಬೆಳಗಿನ ಜಾವ ಎದ್ದು ಬಂದು ಕುರ್ಚಿ ಮೇಲೆ ಟವೆಲ್ ಹಾಸಿ ವಾಪಸ್ ರೂಮಿಗೆ ಹೋಗಿ ಮಲಗ್ತಾರೆ! ಅಷ್ಟು ದುಡ್ಡು ಕೊಟ್ಟು ಹೋದೋರೂ ನಮ್ಮ ಥರಾನೇ ಅಂತ ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾರ್ನಿವಲ್ ಅನ್ನೋ ಕಂಪನಿಯ ಹಡಗಲ್ಲಿ ಇದಕ್ಕೊಂದು ನಿಯಮಾನೇ ಇದೆ. ಜನ ಇಲ್ದೆ ಬರೀ ಸಾಮಾನು ಇರೋ ಕುರ್ಚಿಗೆ ಕೆಲಸದವರು ಟೈಮ್ ಬರೆದ ಚೀಟಿ ಅಂಟಿಸ್ತಾರೆ, 40 ನಿಮಿಷ ಕಳೆದ್ರೂ ಯಾರೂ ಬರ್ಲಿಲ್ಲ ಅಂದ್ರೆ ಸಾಮಾನು ಎತ್ತಿಡ್ತಾರೆ.

ನಮ್ಮಲ್ಲಿ 40 ನಿಮಿಷ ಎಲ್ಲಿಂದ ಬರ್ಬೇಕು, 4 ನಿಮಿಷ ಸಿಕ್ರೆ ಪುಣ್ಯ. ಚೀಟಿ ಅಂಟಿಸೋರೂ ಇಲ್ಲ. ಆದ್ರೆ ನಿಯಮ ಇಲ್ಲ ಅಂದ್ಕೋಬೇಡಿ.

(ಮುಂದಿನ ಪೋಸ್ಟ್)

ಈ ನಿಯಮಗಳನ್ನ ಯಾರೂ ಹೇಳ್ಕೊಡಲ್ಲ. ಪಿಯುಸಿಯಿಂದ ಓಡಾಡಿ ಓಡಾಡಿ, ಬೈಸ್ಕೊಂಡು ಕಲಿತದ್ದು.

ಹಾಕೋ ವಸ್ತು ಕಳೆದುಹೋದ್ರೆ ನಿಮಗೆ ಹೊಟ್ಟೆ ಉರೀಬೇಕು. ಹಳೇ ಪೇಪರ್ ಹಾಕಿದ್ರೆ ಲೆಕ್ಕಕ್ಕಿಲ್ಲ, ಅದರ ಮೇಲೇ ಕೂರ್ತಾರೆ. ಒಂದೇ ಸೀಟಿಗೆ ಎರಡು ಟವೆಲ್ ಬಿದ್ರೆ ಅಡಿಯಲ್ಲಿರೋದು ಗೆದ್ದ ಹಾಗೆ, ಯಾಕಂದ್ರೆ ಅದು ಮೊದ್ಲು ಬಿದ್ದಿದ್ದು. (ಮೇಲಿನದನ್ನ ಮೆಲ್ಲಗೆ ಅಡಿಗೆ ತಳ್ಳೋ ಕಳ್ಳರೂ ಇದಾರೆ, ನಮ್ಮ ಕ್ಲಾಸಲ್ಲೇ ಒಬ್ಬ ಇದಾನೆ, ಅವನು ಇದನ್ನ ಓದ್ತಾನೆ.) ಇನ್ನೊಬ್ಬರ ಟವೆಲ್ ಎತ್ತಿ ಬಿಸಾಕೋದು ಜಗಳಕ್ಕೆ ಕರೆದ ಹಾಗೆ. ಟವೆಲ್ಲು ಅಂದ್ರೆ ನಮ್ಮ ಕಡೆ ಗಂಡಸರ ಹೆಗಲ ಮೇಲಿನ ಮರ್ಯಾದೆ ತಾನೆ. ಅದರಲ್ಲೂ ರೈತ ಸಂಘದ ಹಸಿರು ಶಾಲು ಬಿದ್ದಿರೋ ಸೀಟನ್ನ ಮುಟ್ಟೋ ಧೈರ್ಯ ಮಾಡಿದೋರನ್ನ ನಾನಂತೂ ನೋಡಿಲ್ಲ. ಎಲೆಕ್ಷನ್ ರಿಸಲ್ಟ್ ಬಂದಾಗ ಟಿವಿಯೋರು ಮುಖ್ಯಮಂತ್ರಿ ಕುರ್ಚಿಗೆ ಯಾರ್ಯಾರು ಟವೆಲ್ ಹಾಕಿದಾರೆ ಅಂತ ಕೇಳ್ತಾರಲ್ಲ, ಆ ಮಾತು ಹುಟ್ಟಿದ್ದು ನಮ್ಮಂಥ ಬಸ್ ಸ್ಟ್ಯಾಂಡಲ್ಲೇ ಇರ್ಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ. ನಮ್ಮ ರೂಟಿನ ಒಬ್ರು ಹಳೇ ಕಂಡಕ್ಟರ್ ಅಣ್ಣ ಯಾವಾಗ್ಲೂ ಹೇಳ್ತಾರೆ, "ಗೇರ್ ಬಿದ್ಮೇಲೆ ಟವೆಲ್ಗೆ ಬೆಲೆ ಇಲ್ಲ ಕನ್ರವ್ವ." ಅಂದ್ರೆ ಬಸ್ ಹೊರಡೋ ಹೊತ್ತಿಗೆ ಟವೆಲ್ ಹಿಂದೆ ಮನುಷ್ಯ ಬಂದು ಕೂತಿರ್ಬೇಕು. ಬರ್ಲಿಲ್ವಾ, ಸೀಟು ನಿಂತಿರೋರದ್ದು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ್ಮೇಲೆ ನಾವು ಹುಡುಗೀರು ದುಡ್ಡಿಲ್ದೆ ಓಡಾಡ್ತೀವಿ. ನನ್ನ ಹತ್ರ ಸೊನ್ನೆ ರೂಪಾಯಿ ಟಿಕೆಟ್‌ಗಳ ಒಂದು ಕಟ್ಟೇ ಇದೆ, ಬುಕ್‌ಮಾರ್ಕ್ ಮಾಡ್ಕೊಳ್ತೀನಿ. ಇದನ್ನ ಆಡ್ಕೊಳ್ಳೋರಿಗೆ ಒಂದು ಮಾತು. ನಮ್ಮೂರಲ್ಲಿ ಮಂಡಿ ನೋವು, ಕಣ್ಣಿನ ಪೊರೆ ಅಂತ ವರ್ಷಗಟ್ಟಲೆ ಮನೇಲೇ ಕೂತಿದ್ದ ಎಷ್ಟೋ ಅಜ್ಜೀರು ಈಗ ಒಬ್ಬೊಬ್ರೇ ಮೈಸೂರು ದೊಡ್ಡಾಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರ್ತಾರೆ. ಮಗನ ಹತ್ರ ಬಸ್ ಚಾರ್ಜಿಗೆ ಕೈ ಚಾಚಬೇಕಾಗಿಲ್ಲ. ನನಗೆ ಅದು ಸಣ್ಣ ವಿಷಯ ಅನ್ಸಲ್ಲ. ಆದ್ರೆ ಟಿಕೆಟ್ ಸಿಗೋದು ಹತ್ತೋಕೆ. ಕೂರೋಕೆ ಟವೆಲ್ಲೇ ಬೇಕು. ಓಡಿ ಟವೆಲ್ ಎಸೆಯೋಕೆ ಇಪ್ಪತ್ತು ವರ್ಷದ ಕಾಲು ಬೇಕು.

ಈಗ ನಾನು ಹೇಳೋಕೆ ಬಂದಿದ್ದು.

(ಮುಂದಿನ ಪೋಸ್ಟ್)

ಹೋದ ತಿಂಗಳು ಒಂದು ಸೋಮವಾರ. ನಾನು ವೇಲ್ ಎಸೆದು ಎರಡು ಸೀಟ್ ಹಿಡಿದಿದ್ದೆ. ಒಂದು ನನಗೆ, ಇನ್ನೊಂದು ನನ್ನ ಫ್ರೆಂಡಿಗೆ. ಅವಳ ಹೆಸರು ಬರೀಬೇಡ ಅಂದಿದಾಳೆ. ಅವಳದ್ದು ಬೇರೆ ಊರು, ಅವರ ಬಸ್ಸು ಸ್ಟ್ಯಾಂಡಿಗೆ ಬರೋದು ನಮ್ಮದಾದ ಐದು ಹತ್ತು ನಿಮಿಷಕ್ಕೆ. ಅವಳಿಗೆ ಸೀಟ್ ಹಿಡಿಯೋದು ಬರೀ ಗೆಳೆತನಕ್ಕಲ್ಲ. ಅವಳಿಗೆ ರಕ್ತ ಕಡಿಮೆ, ಮಾತ್ರೆ ತಗೋತಾಳೆ. ಹಿಂದೊಂದು ಸಲ ನಿಂತ್ಕೊಂಡು ಬರುವಾಗ ನಂಜನಗೂಡು ಬರೋದ್ರೊಳಗೆ ಕಣ್ಣು ಕತ್ತಲೆ ಬಂದು ನನ್ನ ಮೇಲೇ ಬಿದ್ದಿದ್ಲು. ಅವತ್ತಿಂದ ನಮ್ಮಿಬ್ಬರ ಒಪ್ಪಂದ, ಯಾರು ಮುಂಚೆ ಬರ್ತಾರೋ ಅವರು ಎರಡು ಹಿಡೀಬೇಕು. ಮುಂಚೆ ಬರೋದು ಯಾವಾಗ್ಲೂ ನಾನೇ ಅನ್ನೋದು ಬೇರೆ ಮಾತು.

ಬಸ್ ತುಂಬ್ತಾ ಇತ್ತು. ಒಬ್ರು ಅಜ್ಜಿ ಬಂದ್ರು. ಕೈಯಲ್ಲಿ ಬಟ್ಟೆ ಅಂಗಡಿ ಕವರು, ಅದರೊಳಗಿಂದ ಎಕ್ಸ್‌ರೇ ಇರೋ ದೊಡ್ಡ ಲಕೋಟೆ ಇಣುಕ್ತಿತ್ತು. ನನ್ನ ಪಕ್ಕದ ಸೀಟಲ್ಲಿದ್ದ ಬ್ಯಾಗ್ ನೋಡಿ ಕೇಳಿದ್ರು,

"ಕೂಸೇ, ಇಲ್ಲಿ ಜನ ಅವ್ರಾ?"

"ಹೂಂ ಅಜ್ಜಿ, ಜನ ಅವ್ರೆ. ನೀರ್ ತರಕ್ಕೆ ಇಳಿದವ್ಳೆ."

ನೀರಿನ ಮಾತು ಸುಳ್ಳು. ಅವಳಿನ್ನೂ ಸ್ಟ್ಯಾಂಡಿಗೇ ಬಂದಿರಲಿಲ್ಲ. ಇನ್ನೂ ಬಂದಿಲ್ಲ ಅಂದ್ರೆ ಸೀಟ್ ಹೋಗುತ್ತೆ, ಇಳಿದಿದಾಳೆ ಅಂದ್ರೆ ಉಳಿಯುತ್ತೆ. ಈ ಸುಳ್ಳನ್ನ ನೀವೂ ಹೇಳಿರ್ತೀರ, ನಾಟಕ ಬೇಡ. ಅಜ್ಜಿ ಏನೂ ಅನ್ನಲಿಲ್ಲ, ಅಲ್ಲೇ ನನ್ನ ಸೀಟಿನ ಕಂಬಿ ಹಿಡ್ಕೊಂಡು ನಿಂತ್ರು.

ಇಲ್ಲೀವರೆಗೂ ನಾನು ಮಾಡಿದ್ದು ತಪ್ಪು ಅಂತ ಈಗ್ಲೂ ನನಗೆ ಅನ್ಸಲ್ಲ. ಅವಳು ಬರ್ತಿದ್ಲು, ಅವಳಿಗೂ ಕೂರಬೇಕಿತ್ತು. ಒಂದು ಖಾಲಿ ಸೀಟು, ಕೂರಬೇಕಾದವರು ಇಬ್ರು. ಒಬ್ಬರು ಕಣ್ಣೆದುರು, ಇನ್ನೊಬ್ಬರು ದಾರೀಲಿ.

ಬಸ್ ಸ್ಟಾರ್ಟ್ ಆಯ್ತು. ಸ್ಟ್ಯಾಂಡ್ ದಾಟೋವಾಗ ಫೋನ್ ನೋಡಿದೆ. ಮೆಸೇಜ್ ಬಂದಿತ್ತು, "ಜ್ವರ ಕಣೇ, ಇವತ್ತು ಬರಲ್ಲ. ನೋಟ್ಸ್ ತಗೋ."

ಅವಾಗ ನಾನು ಬ್ಯಾಗ್ ಎತ್ತಬೇಕಿತ್ತು. "ಅಜ್ಜಿ ಕೂತ್ಕೊಳಿ" ಅನ್ನೋದು ಎರಡೇ ಮಾತು. ಅನ್ನಲಿಲ್ಲ. ಯಾಕೆ ಅಂತ ನಾನು ಬೇಕಾದಷ್ಟು ಸಲ ಯೋಚನೆ ಮಾಡಿದೀನಿ. ಸೀಟ್ ಮೇಲೆ ಆಸೆಯಿಂದಲ್ಲ, ನನಗೆ ನನ್ನ ಸೀಟಿತ್ತು. ನೀರು ತರೋಕೆ ಇಳಿದವಳು ಎಲ್ಲಿ ಅಂತ ಕೇಳಿದ್ರೆ? ಬ್ಯಾಗ್ ಎತ್ತಿದ್ರೆ ಹೇಳಿದ ಸುಳ್ಳು ಸೀಟ್ ಮೇಲೆ ಬಂದು ಕೂತ ಹಾಗಾಗ್ತಿತ್ತು. ಅದಕ್ಕೆ ಇಯರ್‌ಫೋನ್ ಹಾಕ್ಕೊಂಡು ಕಿಟಕಿ ಕಡೆ ತಿರುಗಿಬಿಟ್ಟೆ. ಹಾಡೇನೂ ಹಾಕಿರಲಿಲ್ಲ. ಹಿಂದಿನ ಸೀಟಿನೋರು ಯಾರೋ "ಪಕ್ದಲ್ಲಿ ಖಾಲಿ ಅದಲ್ಲಾ" ಅಂದಿದ್ದು ಚೆನ್ನಾಗೇ ಕೇಳಿಸ್ತು. ಕೇಳಿಸದ ಹಾಗೆ ಕೂತೆ.

ಹೊಲ ಎಲ್ಲ ಹಿಂದೆ ಹೋಗ್ತಿತ್ತು. (ನಮ್ಮ ಕಡೆ ಹೊಲ ಅಂದ್ರೆ ನಿಮಗೆಲ್ಲ ಸೂರ್ಯಕಾಂತಿ ರೀಲ್ಸ್ ಅಷ್ಟೇ ತಾನೆ. ಅವತ್ತು ಒಂದು ಹೂವೂ ನೋಡಲಿಲ್ಲ ನಾನು.) ಬಸ್ಸು ಒಂದೊಂದು ಸಲ ಬ್ರೇಕ್ ಹಾಕಿದಾಗ್ಲೂ ಅಜ್ಜಿಯ ಕೈ ಕಂಬಿ ಮೇಲೆ ಬಿಗಿಯಾಗೋದು ಕಣ್ಣಂಚಲ್ಲಿ ಕಾಣ್ತಿತ್ತು. ಗಾಜಿನ ಬಳೆ, ಎರಡೋ ಮೂರೋ, ಕಂಬಿಗೆ ತಾಗಿ ಸದ್ದು ಮಾಡೋದು.

ಟಿಕೆಟ್ ಕೊಡ್ತಾ ಕಂಡಕ್ಟರ್ ನಮ್ಮ ಸಾಲಿಗೆ ಬಂದಾಗ ಬೇಗೂರು ಹತ್ರ ಬಂದಿತ್ತು. ಗೇರಿನ ಮಾತು ಹೇಳೋ ಅದೇ ಅಣ್ಣ. ಬ್ಯಾಗ್ ನೋಡಿದ್ರು, ನನ್ನ ನೋಡಿದ್ರು. "ಇದ್ಯಾರ್ದವ್ವ?" ಅಂದ್ರು. "ಬರ್ಲಿಲ್ಲ ಅಣ್ಣ" ಅಂದೆ. ಅವರು ಬೈದಿದ್ರೆ ಚೆನ್ನಾಗಿತ್ತು. ಸುಮ್ಮನೆ ಬ್ಯಾಗ್ ಎತ್ತಿ ನನ್ನ ತೊಡೆ ಮೇಲಿಟ್ಟು, "ಕೂತ್ಕೊಳಜ್ಜಿ" ಅಂದು ಮುಂದೆ ಹೋದ್ರು.

(ಕೊನೇ ಪೋಸ್ಟ್)

ಅಜ್ಜಿ ಕೂತ್ರು. ಸ್ವಲ್ಪ ಹೊತ್ತು ಮಂಡಿ ನೀವ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಇದು:

"ಪಾಪ, ಆ ಕೂಸ್ಗೆ ಬಸ್ ತಪ್ಪೋಯ್ತಾ? ನೀರ್ಗೆ ಅಂತ ಇಳಿದಿತ್ತಲ್ಲ, ಹಿಂದಿನ್ ಬಸ್ಸಲ್ಲಿ ಬತ್ತದಾ?"

ಅವರು ಅಷ್ಟು ದೂರ ನಿಂತ್ಕೊಂಡು ಯೋಚನೆ ಮಾಡಿದ್ದು ಇಲ್ಲದೇ ಇದ್ದ ಹುಡುಗಿ ಬಗ್ಗೆ. ನಾನು "ಬತ್ತಾಳೆ ಅಜ್ಜಿ" ಅಂದೆ. ಎರಡನೇ ಸುಳ್ಳು.

"ಯಾವೂರು ಕೂಸೇ ನಿಂದು?"

ನಮ್ಮ ಕಡೆ ಇದು ಬರೀ ಊರು ಕೇಳೋದಲ್ಲ, ನಿಮಗೆ ಗೊತ್ತು. ಊರು ಹೇಳಿದ್ರೆ ಯಾರ ಮಗಳು ಅಂತಾರೆ, ಅಪ್ಪನ ಹೆಸರು ಹೇಳಿದ್ರೆ ಯಾವ ಬೀದಿ ಅಂತಾರೆ, ಬೀದಿ ಹೇಳಿದ್ರೆ ಅವರ ನೆಂಟರು ಯಾರೋ ಅಲ್ಲೇ ಇರ್ತಾರೆ. ಸಂಜೆ ಹೊತ್ತಿಗೆ ನಮ್ಮ ಅವ್ವನ ಕಿವಿಗೆ ಬೀಳುತ್ತೆ, ನಿನ್ನ ಮಗಳು ಖಾಲಿ ಸೀಟ್ ಇಟ್ಕೊಂಡು ಮುದುಕೀನ ನಿಲ್ಲಿಸಿದ್ಲು ಅಂತ. ಭೀಮನಬೀಡು ಅನ್ನೋ ಹೆಸರು ನಾಲಿಗೆ ತುದಿಗೆ ಬಂದಿತ್ತು. ಎಲ್ಲ ಪೋಸ್ಟಿಗೂ ಊರ ಹೆಸರು ಟ್ಯಾಗ್ ಮಾಡೋಳು ನಾನು, ಕಾಲೇಜಲ್ಲಿ ಯಾರಾದ್ರೂ ಭೀಮನಬೀಡೂಂದ್ರೆ ಎಲ್ಲಿ ಅಂದ್ರೆ ಮ್ಯಾಪ್ ತೆಗೆದು ತೋರಿಸೋಳು.

"ಗುಂಡ್ಲುಪೇಟೆ ಅಜ್ಜಿ," ಅಂದೆ.

"ಹೌದಾ," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನನ್ ಮಗಳ ಭೀಮನಬೀಡ್ಗೆ ಕೊಟ್ಟಿವ್ನಿ. ರಾತ್ರಿ ಅಲ್ಲೇ ಇದ್ದು ಬೆಳಗ್ಗೆ ಬಸ್ಸಲ್ಲೇ ಬಂದೆ," ಅಂದ್ರು.

ಬೆಳಗ್ಗೆ ಬಸ್ಸಲ್ಲೇ ಬಂದಿದ್ದು ನಾನೂ. ಆ ಹೊತ್ತಿಗೆ ನಮ್ಮೂರಿಂದ ಇರೋದೇ ಅದೊಂದು. ನಾನು ಹತ್ತಿದ್ದು ಮುಂದಿನ ಬಾಗಿಲಲ್ಲಿ, ಎಂದಿನ ಹಾಗೆ ಫೋನ್ ನೋಡ್ಕೊಂಡು. ಅಜ್ಜಿ ಎಲ್ಲಿ ಕೂತಿದ್ರೋ ನನಗೆ ನೆನಪೇ ಇಲ್ಲ. ಅವರಿಗೆ ನನ್ನ ನೆನಪಿತ್ತಾ? ಮುಖ ನೋಡಿದೆ, ಏನೂ ಗೊತ್ತಾಗಲಿಲ್ಲ. ಅವರು ಕವರಿನೊಳಗಿಂದ ಒಂದು ಬಾಳೆಹಣ್ಣು ತೆಗೆದು, "ತಕ್ಕೋ, ತಿಂಡಿ ತಿಂದಿರಲ್ಲ ನೀವು" ಅಂತ ಕೊಟ್ರು. ಬೇಡ ಅನ್ನೋಕಾಗಲಿಲ್ಲ. ತಿನ್ನೋಕೂ ಆಗಲಿಲ್ಲ. ಮೈಸೂರಲ್ಲಿ ಇಳಿಯೋ ತನಕ ಕೈಯಲ್ಲೇ ಹಿಡ್ಕೊಂಡಿದ್ದೆ. ಇಳಿದ ಮೇಲೆ ದೊಡ್ಡಾಸ್ಪತ್ರೆಗೆ ಯಾವ ಸಿಟಿ ಬಸ್ ಅಂತ ಕೇಳಿದ್ರು. ಜೊತೆಗೆ ಹೋಗಿ ಹತ್ತಿಸಿ ಬಂದೆ. ಅಲ್ಲೂ ಸೀಟಿರಲಿಲ್ಲ.

ಅವತ್ತಿಂದ ನಮ್ಮೂರಲ್ಲಿ ಸಂಜೆ ಬಸ್ ಇಳಿದಾಗೆಲ್ಲ ಜಗಲಿ ಮೇಲೆ ಕೂತಿರೋ ಅಜ್ಜೀರ ಮುಖ ಒಂದೊಂದಾಗಿ ನೋಡ್ತೀನಿ. ಇನ್ನೂ ಸಿಕ್ಕಿಲ್ಲ. ಮಗಳ ಮನೆ ಯಾವುದು ಅಂತ ಕೇಳಿದ್ರೆ ಅವ್ವನಿಗೆ ಒಂದೇ ನಿಮಿಷದ ಕೆಲಸ. ಕೇಳಿಲ್ಲ. ಕೇಳಿದ್ರೆ ಯಾಕೆ ಅಂತ ಹೇಳ್ಬೇಕಲ್ಲ.

ವೇಲ್ ಎಸೆಯೋದು ಬಿಟ್ಟಿಲ್ಲ, ಮೊದಲನೇ ಫೋಟೋನೇ ಸಾಕ್ಷಿ, ಅದು ಮೊನ್ನೆ ತೆಗೆದಿದ್ದು. ಎರಡು ಸೀಟ್ ಹಿಡಿಯೋದೂ ಬಿಟ್ಟಿಲ್ಲ. ಬಿಡ್ಬೇಕು ಅಂತ ಬುದ್ಧಿ ಹೇಳೋಕೆ ಬರೋರು ಒಂದು ವಾರ ನಮ್ಮ ಬಸ್ಸಲ್ಲಿ ನಿಂತ್ಕೊಂಡು ಬನ್ನಿ, ಆಮೇಲೆ ಮಾತಾಡೋಣ. ನೀರು ತರೋಕೆ ಇಳಿದಿದಾಳೆ ಅನ್ನೋದನ್ನ ಮಾತ್ರ ಬಿಟ್ಟೆ. "ಅವರ ಬಸ್ಸು ಇನ್ನೂ ಬಂದಿಲ್ಲ ಅಜ್ಜಿ, ಬರೋಗಂಟ ನೀವು ಕೂತ್ಕೊಳಿ" ಅಂತೀನಿ. ಕೆಲವರು ಕೂರ್ತಾರೆ. ಕೂತೋರನ್ನ ಆಮೇಲೆ ಏಳಿಸೋಕೆ ನನಗೆ ಬಾಯಿ ಬರಲ್ಲ, ಆದ್ರಿಂದ ಇತ್ತೀಚೆಗೆ ಏಳೋದು ನಾನೇ. ಈ ತಿಂಗಳು ಆಗ್ಲೇ ನಾಲ್ಕು ಸಲ ನಿಂತ್ಕೊಂಡು ಬಂದಿದೀನಿ. ಫಸ್ಟ್ ಅವರ್‌ನಲ್ಲಿ ತೂಕಡಿಸ್ತೀಯ ಅಂತ ರೇಗಿಸ್ತೀರಲ್ಲ, ಇದಕ್ಕೇ.

ಹಾಕೋಕೆ ಮುಂಚೆ ಇದನ್ನ ಅವಳಿಗೆ ಓದಿಸಿದೆ. ಪೂರ್ತಿ ಓದಿ ಸುಮಾರು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ನನಗೆ ಜ್ವರ ಬಂದಿದ್ದು ತಪ್ಪಾ?" ಅಂದ್ಲು. ಅಲ್ಲ ಅಂದೆ. "ಸರಿ, ನಾಳೆ ಬರ್ತಿದೀನಿ, ಸೀಟ್ ಹಿಡಿ" ಅಂದ್ಲು.

"ಗೇರ್ ಬೀಳೋಗಂಟ," ಅಂದೆ.

#ಬಸ್‌ಡೈರಿ #ಭೀಮನಬೀಡು