ಏಡಿ ಮೂಲ

ನದಿ ಮೂಲ, ಋಷಿ ಮೂಲ ಕೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಏಡಿಯ ಮೂಲವನ್ನೂ ಆ ಪಟ್ಟಿಗೆ ಸೇರಿಸಬಹುದಿತ್ತೇನೋ! ಗದ್ದೆಯ ಬದುವಿನಲ್ಲಿ ಬಿಲ ತೋಡಿಕೊಂಡು ಅಡ್ಡಡ್ಡ ನಡೆಯುವ ಈ ಪ್ರಾಣಿಯ ವಂಶಾವಳಿಯನ್ನು ವಿಜ್ಞಾನಿಗಳು ಇನ್ನೂರೈವತ್ತು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ, ತಿದ್ದುತ್ತಲೂ ಇದ್ದಾರೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಕೆಲಸವನ್ನು ಸುಲಭ ಮಾಡಿಕೊಂಡಿದ್ದ. ಏಡಿ, ಸೀಗಡಿ, ಶಂಖದೊಳಗೆ ವಾಸಿಸುವ ಸನ್ಯಾಸಿ ಏಡಿ ಎಲ್ಲವನ್ನೂ 'ಕ್ಯಾನ್ಸರ್' ಎಂಬ ಒಂದೇ ಕುಲದಲ್ಲಿ ತುಂಬಿಸಿದ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಏಡಿ ಎಂದೇ ಅರ್ಥ. ನಮ್ಮ ಕರ್ಕಾಟಕ ರಾಶಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಇಂದು ಆ ಕುಲದಲ್ಲಿ ಉಳಿದಿರುವುದು ಕೆಲವೇ ಪ್ರಭೇದಗಳು. ಉಳಿದವೆಲ್ಲ ಬೇರೆ ಮನೆ ಮಾಡಿಕೊಂಡಿವೆ. 2008ರಲ್ಲಿ ಪೀಟರ್ ಎನ್‌ಜಿ, ಡೇನಿಯೆಲ್ ಗಿನೊ ಮತ್ತು ಪೀಟರ್ ಡೇವಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಜೀವಂತ ಏಡಿಗಳ 93 ಕುಟುಂಬಗಳೂ, ಉಪಪ್ರಭೇದಗಳೂ ಸೇರಿ 6,793 ಪ್ರಭೇದಗಳೂ ಇದ್ದವು.

ಇಷ್ಟಕ್ಕೂ ಏಡಿಯನ್ನು ಗುರುತಿಸುವುದು ಕಷ್ಟವೆ? ಅಗಲ ಬೆನ್ನು, ಎರಡು ಕೊಂಡಿ, ಹೊಟ್ಟೆಯಡಿ ಮಡಿಸಿದ ಬಾಲ. ತೊಡಕಿರುವುದೇ ಇಲ್ಲಿ. ಈ ಆಕಾರವನ್ನು ಪ್ರಕೃತಿ ಒಮ್ಮೆಯಲ್ಲ, ಹಲವು ಸಲ ಬೇರೆ ಬೇರೆ ವಂಶಗಳಲ್ಲಿ ರೂಪಿಸಿದೆ. 1916ರಲ್ಲಿ ಬೊರಡೇಲ್ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಇದಕ್ಕೆ 'ಕಾರ್ಸಿನೈಸೇಶನ್', ಅಂದರೆ 'ಏಡಿಯಾಗುವಿಕೆ' ಎಂದು ಹೆಸರಿಟ್ಟ. ಉತ್ತರದ ತಣ್ಣನೆಯ ಕಡಲಲ್ಲಿ ಸಿಗುವ, ಭಾರಿ ಬೆಲೆ ಬಾಳುವ ಕಿಂಗ್ ಕ್ರ್ಯಾಬ್ ನಿಜವಾದ ಏಡಿಯಲ್ಲ. ಸನ್ಯಾಸಿ ಏಡಿಯ ವಂಶದ ಕುಡಿ. ಎಣಿಸಿದರೆ ಕೊಂಡಿಗಳೂ ಸೇರಿ ನಾಲ್ಕೇ ಜೊತೆ ಕಾಲು ಕಾಣುತ್ತವೆ. ಐದನೆಯ ಪುಟ್ಟ ಜೊತೆ ಚಿಪ್ಪಿನಡಿ ಅಡಗಿರುತ್ತದೆ. ಹೆಣ್ಣಿನ ಹೊಟ್ಟೆಯ ಮಡಿಕೆ ಈಗಲೂ ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಸುರುಳಿ ಶಂಖದಲ್ಲಿ ಬಾಳಿದ ಪೂರ್ವಿಕರ ಗುರುತು ಅದು. ಸನ್ಯಾಸ ಬಿಟ್ಟರೂ ಮೈ ಮರೆತಿಲ್ಲ!

ಹಾಗಾಗಿ ಏಡಿಯ ಕುಲ ತಿಳಿಯಲು ಬೆನ್ನು ನೋಡಿದರೆ ಸಾಲದು, ಮಗುಚಿ ನೋಡಬೇಕು. ಮಡಿಕೆ ಸಣ್ಣ ತ್ರಿಕೋನವಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಎಂದು ಹಳ್ಳಿಯ ಹುಡುಗರೂ ಹೇಳುತ್ತಾರೆ. ಪ್ಯಾರಿಸ್ಸಿನ ಗಿನೊ 1970ರ ದಶಕದಲ್ಲಿ ಇನ್ನೂ ಮುಂದೆ ಹೋದರು. ಸಂತಾನದ ರಂಧ್ರಗಳು ಕಾಲಿನ ಬುಡದಲ್ಲಿವೆಯೋ, ಎದೆಯ ಚಿಪ್ಪಿನಲ್ಲಿವೆಯೋ ಎಂಬುದನ್ನು ನೋಡಿ ನಿಜವಾದ ಏಡಿಗಳನ್ನು ಮೂರು ದೊಡ್ಡ ಗುಂಪು ಮಾಡಿದರು.

ಆದರೆ ಪಳೆಯುಳಿಕೆಯನ್ನು ಮಗುಚುವುದು ಹೇಗೆ? ಕಲ್ಲಿನಲ್ಲಿ ಬಹಳಷ್ಟು ಸಲ ಉಳಿದಿರುವುದು ಬೆನ್ನುಚಿಪ್ಪು ಮಾತ್ರ. ಕಾಲಿಲ್ಲ, ಹೊಟ್ಟೆಯಿಲ್ಲ. ಟೋಪಿ ನೋಡಿ ಮನುಷ್ಯನ ಊರು ಹೇಳಿದಂತೆ! ಅಪರೂಪಕ್ಕೊಮ್ಮೆ ಅದೃಷ್ಟ ತೆರೆಯುತ್ತದೆ. ಮ್ಯಾನ್ಮಾರಿನ ಆಂಬರ್‌ನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಸುಮಾರು ಹತ್ತು ಕೋಟಿ ವರ್ಷಗಳ ಹಿಂದಿನ ಪುಟ್ಟ ಏಡಿಯೊಂದು ಇಡಿಯಾಗಿ ಸಿಕ್ಕಿತು. ಅದರ ವಿವರ 2021ರಲ್ಲಿ ಪ್ರಕಟವಾಯಿತು. ಸ್ಕ್ಯಾನ್ ಮಾಡಿದಾಗ ಕಿವಿರುಗಳೂ ಕಂಡವು. ಅದಕ್ಕಿಟ್ಟ ಹೆಸರು 'ಕ್ರೆಟಾಪ್ಸರಾ', ನಮ್ಮ ಅಪ್ಸರೆಯೇ! ಏಡಿಗಳು ಕಡಲು ಬಿಟ್ಟು ಸಿಹಿನೀರಿನತ್ತ, ನೆಲದತ್ತ ಹೊರಟದ್ದು ಹಿಂದೆ ಸಿಕ್ಕ ಪಳೆಯುಳಿಕೆಗಳು ಹೇಳುತ್ತಿದ್ದುದಕ್ಕಿಂತ ಬಹಳ ಮುಂಚೆ ಎಂಬುದಕ್ಕೆ ಈ ಅಪ್ಸರೆ ಸಾಕ್ಷಿಯಾದಳು.

ಸಿಹಿನೀರಿನ ಏಡಿಗಳು ನಮ್ಮ ಪಶ್ಚಿಮಘಟ್ಟದಲ್ಲೂ ಇವೆ. ಉತ್ತರ ಕನ್ನಡದ ಯಲ್ಲಾಪುರದ ಕಾಡಿನಲ್ಲಿ ಸಿಕ್ಕ, ಬಿಳಿ ಮೈಯ, ಕೆಂಪು ನೇರಳೆ ಕಾಲಿನ ಏಡಿಗೆ 2022ರಲ್ಲಿ 'ಘಾಟಿಯಾನಾ ದ್ವಿವರ್ಣ' ಎಂದು ನಾಮಕರಣವಾಯಿತು. ಕಡಲ ಏಡಿಯ ಮರಿಗಳು ಅಲೆಗಳ ಮೇಲೆ ತೇಲಿ ದೂರದ ತೀರ ಸೇರುತ್ತವೆ. ಘಟ್ಟದ ಏಡಿಗೆ ಆ ಭಾಗ್ಯವಿಲ್ಲ. ಮೊಟ್ಟೆಯೊಡೆದು ಬರುವುದೇ ಪುಟ್ಟ ಏಡಿ. ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಕೆಲಕಾಲವಿದ್ದು ಅಲ್ಲೇ ಸುತ್ತಮುತ್ತ ನೆಲೆಸುತ್ತದೆ. ಹೀಗಾಗಿ ಒಂದು ಪ್ರಭೇದಕ್ಕೆ ಒಂದೆರಡು ಹಳ್ಳಕೊಳ್ಳಗಳೇ ಇಡೀ ಪ್ರಪಂಚವಾಗಿರಬಹುದು. ಅಲ್ಲೊಂದು ಕಲ್ಲುಗಣಿ ಬಂದರೆ, ಒರತೆ ಬತ್ತಿದರೆ, ವಂಶವೇ ಮುಗಿಯಿತು.

ಕಾಡಿನ ಹಳ್ಳದ ಏಡಿ ಕಲ್ಲಾಗಿ ಉಳಿಯುವುದು ತೀರ ವಿರಳ. ಬದುಕಿರುವಾಗ ಹೆಸರು ಸಿಗದಿದ್ದರೆ ಸತ್ತ ಮೇಲೂ ಸಿಗುವುದಿಲ್ಲ. ಮನುಷ್ಯರಲ್ಲಿ ಕುಲ ಕೇಳುವುದು ತಪ್ಪು. ಏಡಿಯ ಮಟ್ಟಿಗೆ ಕೇಳದಿರುವುದೇ ತಪ್ಪಾದೀತು. ಈ ಮಳೆಗಾಲದಲ್ಲಿ ಹಳ್ಳದ ಕಲ್ಲೆತ್ತಿದಾಗ ಏಡಿಯೊಂದು ಕೊಂಡಿಯೆತ್ತಿ ಎದುರು ನಿಂತರೆ ಒಂದು ಗಳಿಗೆ ನೋಡಿ, ಆಮೇಲೆ ಆ ಕಲ್ಲನ್ನು ಇದ್ದಲ್ಲಿಯೇ ಇಟ್ಟುಬಿಡಿ. ಅದು ಅವರ ಮನೆಯ ಸೂರು.