ಒಂದೇ ಪಂಕ್ತಿಯ ಊಟ

ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ನನಗೆ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆ ಎಂದೂ ಎದುರಾಗಿರಲಿಲ್ಲ. ಅಮೆರಿಕದಲ್ಲಿರುವ ಮಗನು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯಲು ಹೊರಟಾಗ ಅದು ಎದುರಾಯಿತು. 1971ರಲ್ಲಿ ಆರಂಭವಾದ ಆ ವಿಹಾರಧಾಮದಲ್ಲಿ ಈಗ ನಾಲ್ಕು ಮುಖ್ಯ ಉದ್ಯಾನಗಳು. ಭೋಜನಶಾಲೆಗಳಂತೂ ಹಲವು ಹತ್ತು. ಕುಳಿತು ಉಣ್ಣುವಲ್ಲಿ 60 ದಿನ ಮೊದಲೇ ಸ್ಥಳ ಕಾದಿರಿಸಬಹುದು.

"ನೀವೆಲ್ಲ ಬೇಕಾದಲ್ಲಿ ಉಣ್ಣಿರಿ, ನನಗೆ ಹಣ್ಣು ಸಾಕು" ಎಂದೆ.

"ಅಜ್ಜಾ, ನೀವು ಉಣ್ಣದಿದ್ದರೆ ನಾನೂ ಒಲ್ಲೆ" ಎಂದಳು ಮೊಮ್ಮಗಳು.

ಪಂಕ್ತಿಭೇದವೆಂಬ ಶಬ್ದವನ್ನೇ ಅರಿಯದ ಮಗು ಅದನ್ನು ನಿರಾಕರಿಸಿತ್ತು!

ಮಗನು 'ಸನಾ' ಎಂಬ ಭೋಜನಶಾಲೆಯನ್ನು ಆರಿಸಿದನು. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ವಸತಿಗೃಹದಲ್ಲಿರುವ ಅಲ್ಲಿಗೆ ಉದ್ಯಾನದ ಟಿಕೆಟ್ ಬೇಕಿಲ್ಲ. ಮಾಂಸಾಹಾರವೂ ಉಂಟು, ಆದರೆ ನಾನ್, ಬಗೆಬಗೆಯ ಚಟ್ನಿಗಳೂ ದೊರೆಯುತ್ತವೆ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆಗಳು ಸಂಚರಿಸುತ್ತಿರಲು ಮೂರು ತಲೆಮಾರು ಒಂದೇ ಮೇಜಿನಲ್ಲಿ ಉಂಡೆವು.

ಪ್ರವಾಸ ಹೊರಡುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಸಸ್ಯಾಹಾರವೆಂಬ ಹೆಸರನ್ನಷ್ಟೇ ನಂಬದೆ, ಸಾರಿನಲ್ಲಿ, ಹಿಟ್ಟಿನಲ್ಲಿ ಏನಿದೆಯೆಂದು ಸಂಕೋಚವಿಲ್ಲದೆ ವಿಚಾರಿಸಿರಿ. ರುಚಿಗಿಂತ ಮೊದಲು, ಮನೆಯವರೆಲ್ಲರೂ ಕೂಡಿ ಉಣ್ಣಬಹುದಾದ ತಾಣವನ್ನು ಆರಿಸಿರಿ.